ಹೊಳೆ ಬಂದ ದಾರಿಯಲ್ಲಿ

ಗ್ಯಾಸಿನ ಲೈಟರ್ ಹುಡುಕಲು ಅಡುಗೆಮನೆಯ ಡ್ರಾವರಿಗೆ ಕೈ ಹಾಕಿದಾಗಲೆಲ್ಲ ನನಗೆ ಮೊದಲು ಸಿಗುವುದು ಒಂದು ಕೆಂಪು ಸೀಟಿ. ಲೈಟರ್ ಆಮೇಲೆ ಸಿಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ಈ ಸೀಟಿ ನಾನು ಕೊಂಡದ್ದಲ್ಲ, ಗೆದ್ದದ್ದು. ಗೋವಾದ ಕುಂಡಯಿಯ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವ ನಾನು ಅಲ್ಲಿನ ಸೇಫ್ಟಿ ಕಮಿಟಿಯ ಸದಸ್ಯೆಯೂ ಹೌದು. ಬೆಂಕಿ ಹತ್ತಿದರೆ ಯಾವ ಬಾಗಿಲಿಂದ ಓಡಬೇಕು ಎನ್ನುವುದನ್ನು ಓಡದೆ ನಿಂತು ತೋರಿಸುವುದು ನಮ್ಮ ಕೆಲಸ. ಒಮ್ಮೆ ಅಲ್ಲಿ ನಡೆದ ಪ್ರಶ್ನೋತ್ತರ ಸ್ಪರ್ಧೆಯಲ್ಲಿ ನನಗೆ ಎರಡನೆಯ ಬಹುಮಾನ ಬಂತು. ಮೊದಲ ಬಹುಮಾನ ಕುಕ್ಕರ್, ಎರಡನೆಯದು ಈ ಸೀಟಿ. "ಹೋಗ್ಲಿ ಬಿಡು, ಅದೂ ಸೀಟಿ ಹೊಡಿತೈತಿ, ಇದೂ ಸೀಟಿ ಹೊಡಿತೈತಿ" ಎಂದು ನನ್ನ ಗಂಡ ಸಮಾಧಾನ ಮಾಡಿದರು.

ಆ ಸೀಟಿ ಈವರೆಗೆ ಊದಿದ್ದು ಒಂದೇ ಸಲ. ಅದನ್ನು ಹೇಳಬೇಕೆಂದರೆ ನಾವು ಮನೆಮಂದಿಯೆಲ್ಲ ಮೊದಲ ಬಾರಿಗೆ ತಿರುಗಾಟಕ್ಕೆ ಹೊರಟ ಕಥೆ ಹೇಳಬೇಕು.

ನಾವಿರುವುದು ಪಣಜಿಯ ಪಕ್ಕದ ಚಿಂಬಲ್‌ನಲ್ಲಿ. ಜಗತ್ತೆಲ್ಲ ಗೋವಾ ನೋಡಲು ಬರುತ್ತದೆ. ನಮ್ಮವರು ಬಂದದ್ದು ಹಾಗೆ ನೋಡಲು ಬಂದವರು ಮಲಗುವ ಕೋಣೆಗಳನ್ನು ಕಟ್ಟಲು. ವಿಜಯಪುರದ ಕಡೆಯಿಂದ ಬಂದ ನಮ್ಮಂಥ ಮನೆಗಳಲ್ಲಿ ಪ್ರಯಾಣ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಊರಲ್ಲಿ ಮದುವೆ, ತೊಟ್ಟಿಲು, ಇಲ್ಲವೇ ಸಾವು. ಕಾರಣವಿಲ್ಲದೆ ಬಸ್ಸು ಹತ್ತಿದವರನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಅದಕ್ಕೇ, "ಒಂದು ಆಯಿತಾರ ಎಲ್ಲಾರೂ ಕೂಡಿ ಹೋಗಿ ಬರೂಣ್ರಿ" ಎಂದು ನಾನು ಅಂದಾಗ, ಮೆಂತ್ಯೆಪಲ್ಲೆ ಸೋಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ಕೇಳಿದ್ದು, "ಯಾರ್ ಹೋದ್ರು?"

"ಯಾರೂ ಹೋಗಿಲ್ರಿ ಅತ್ತಿ. ಸುಮ್ನ ತಿರುಗಾಡಿ ಬರೂದು."

"ಸುಮ್ನ ಅಂದ್ರ?"

ನಾನೂ ಹಾಗೆ ಸುಮ್ಮನೆ ಎಲ್ಲಿಗೂ ಹೋದವಳಲ್ಲ. ಚಿಕ್ಕವಳಿದ್ದಾಗ ಬಸ್ಸಿನ ಕಿಟಕಿ ನನ್ನ ಪಾಲಿಗೆ ಹೊರಗೆ ನೋಡಲು ಇದ್ದದ್ದಲ್ಲ, ವಾಂತಿ ಮಾಡಲು ಇದ್ದದ್ದು. ಬಸ್ಸು ಹೊರಡುವ ಮೊದಲೇ ಅವ್ವ ನನ್ನ ಮೂಗಿಗೆ ನಿಂಬೆಹಣ್ಣು ಹಿಡಿಯುತ್ತಿದ್ದಳು. ಇಂದಿಗೂ ನಿಂಬೆಯ ವಾಸನೆ ಬಂದರೆ ಕಾಲ ಕೆಳಗೆ ನೆಲ ಅಲುಗಿದಂತಾಗುತ್ತದೆ. ನಮ್ಮೂರ ಹಳ್ಳದಲ್ಲಿ ಮಳೆ ಬಿದ್ದ ನಾಲ್ಕು ದಿನ ನೀರು, ಉಳಿದ ದಿನ ಅದರೊಳಗೆ ಆಡು ಮೇಯುತ್ತಿದ್ದವು. ಅಂಥ ಊರಿಂದ ಮದುವೆಯಾಗಿ ಬಂದ ನಾನು ಪಣಜಿಯ ಮಾಂಡವಿ ಹೊಳೆಯನ್ನು ಮೊದಲ ಸಲ ನೋಡಿದಾಗ, "ಸಮುದ್ರ ಭಾಳ ಚಲೋ ಐತ್ರಿ" ಎಂದಿದ್ದೆ. ನಾದಿನಿಯರು ಅದನ್ನು ಇನ್ನೂ ಮರೆತಿಲ್ಲ. ಆದರೆ ಖರೇ ಹೇಳುತ್ತೇನೆ, ಆ ದಿನದ ಬೆರಗು ನನ್ನಲ್ಲಿ ಇನ್ನೂ ಹಾಗೆಯೇ ಇದೆ. ಅಷ್ಟು ನೀರು, ಅದೂ ಯಾರ ಅಪ್ಪಣೆಯೂ ಇಲ್ಲದೆ, ಹಗಲೂ ರಾತ್ರಿ ಹರಿದು ಹೋಗುತ್ತಲೇ ಇರುತ್ತದೆ ಎಂಬುದನ್ನು ನನ್ನ ತಲೆ ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ಎಲ್ಲಿಗೆ ಹೋಗುವುದು ಎಂಬ ಚರ್ಚೆ ಹಲವು ದಿನ ನಡೆಯಿತು. ನನ್ನ ಗಂಡ ಶಿವಾನಂದ ಒಂದು ಕಂಪನಿಯ ಪಿಕಪ್ ಓಡಿಸುತ್ತಾರೆ. ರಸ್ತೆ ಎಂದರೆ ಅವರಿಗೆ ಭಯವಿಲ್ಲ. ದಾಂಡೇಲಿ ಎಂದರು. ಘಟ್ಟದ ತಿರುವು ಬೇಡ ಎಂದೆ. ಜೋಗ ಎಂದರು. ರಾತ್ರಿ ಗಾಡಿ ಓಡಿಸುವುದು ಬೇಡ, ಲಾಡ್ಜಿನ ಖರ್ಚೂ ಬೇಡ ಎಂದೆ. ಸಮುದ್ರದಂಡೆ ಎಂದರು. ಅಲೆ ಬೇಡ ಎಂದೆ. "ಹಂಗಾರ ಮನ್ಯಾಗ ಕುಂತು ಒಬ್ರ ಮಾರಿ ಒಬ್ರು ನೋಡೂಣು, ಅದಕ್ಕ ಖರ್ಚಿಲ್ಲ, ಧೋಕಾನೂ ಇಲ್ಲ" ಎಂದು ಅವರು ಎದ್ದು ಹೋದರು.

ದಾರಿ ತೋರಿಸಿದ್ದು ಮಗಳು ಅಕ್ಷತಾ. ಐದನೆಯ ಇಯತ್ತೆಯ ಪುಸ್ತಕದಲ್ಲಿ ನದಿಗಳ ಪಾಠ ಓದಿದವಳು ಊಟಕ್ಕೆ ಕೂತಾಗ ಕೇಳಿದಳು, "ಅಪ್ಪಾ, ಮಾಂಡವಿ ಎಲ್ಲಿಂದ ಬರತೈತಿ?"

"ಮ್ಯಾಲಿಂದ. ವಾಳಪೈ ಕಡಿಂದ. ಅದಕ್ಕೂ ಮ್ಯಾಲ ನಮ್ಮ ಕರ್ನಾಟಕದಾಗ ಹುಟ್ಟತೈತಿ."

"ಅದೂ ನಮ್ಮಂಗ ಈ ಕಡೆ ದುಡ್ಯಾಕ ಬಂದೈತಿ ಅನ್ನು" ಎಂದರು ಅತ್ತೆ.

"ಹಂಗಾರ ಅದು ಬಂದ ದಾರಿ ಹಿಡಿದು ಹೋಗೂಣು" ಎಂದಳು ಮಗಳು.

ಯೋಚಿಸಿದಷ್ಟೂ ಅದು ಸರಿಯೆನಿಸಿತು. ವಾಳಪೈ ದಾಟಿ ಸ್ವಲ್ಪ ದೂರ ಹೋಗುವುದು, ಹೊಳೆಯ ದಂಡೆಯಲ್ಲಿ ಕಟ್ಟಿಕೊಂಡು ಹೋದ ರೊಟ್ಟಿ ಉಣ್ಣುವುದು, ಹೊತ್ತು ಮುಳುಗುವುದರೊಳಗೆ ಮನೆ ಸೇರುವುದು. ಘಟ್ಟ ಹತ್ತಬೇಕಿಲ್ಲ, ಲಾಡ್ಜು ಬೇಕಿಲ್ಲ, ನೋಡಲು ಟಿಕೆಟ್ಟೂ ಇಲ್ಲ. ಸೇಫ್ಟಿ ಕಮಿಟಿಯ ಸದಸ್ಯೆಗೆ ತಕರಾರು ತೆಗೆಯಲು ಏನೂ ಉಳಿಯಲಿಲ್ಲ.

ತಕರಾರು ಬಂದದ್ದು ಮಾವನವರಿಂದ. ಮಗಳು ಅವರ ಬಲಗಿವಿಯ ಹತ್ತಿರ ಬಾಯಿಟ್ಟು ಸುದ್ದಿ ಹೇಳಿದಾಗ ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಆ ಹೊಳಿ ನನಗ ಗೊತ್ತೈತಿ. ನೀವು ಹೋಗಿ ಬರ್ರಿ" ಎಂದಷ್ಟೇ ಅಂದರು.

ಅವರಿಗೆ ಗೊತ್ತಿದ್ದದ್ದು ಹೇಗೆ ಎನ್ನುವುದನ್ನು ಹೇಳಬೇಕು. ಹರೆಯದಲ್ಲಿ ಗೋವಾಕ್ಕೆ ಬಂದ ಮಾವ ಮೊದಲು ಕಟ್ಟಡದ ಕೆಲಸ ಮಾಡಿದರು. ಆಮೇಲೆ ಬಹಳ ವರ್ಷ ಮಾಂಡವಿಯಲ್ಲಿ ಉಸುಕು ತೆಗೆಯುವ ದೋಣಿಗಳಲ್ಲಿ ದುಡಿದರು. ಹೊಳೆಯ ನಡುವೆ ದೋಣಿ ನಿಲ್ಲಿಸಿ, ತಳದವರೆಗೆ ಉದ್ದನೆಯ ಬಿದಿರ ಗಳ ಹೂಳುತ್ತಿದ್ದರಂತೆ. ಆ ಗಳ ಹಿಡಿದು ಬಕೆಟ್ಟಿನೊಂದಿಗೆ ಕೆಳಗಿಳಿಯುವುದು, ಉಸಿರು ಕಟ್ಟಿಕೊಂಡು ಉಸುಕು ತುಂಬುವುದು, ಮೇಲೆ ಬರುವುದು, ಮತ್ತೆ ಇಳಿಯುವುದು. ದಿನವೆಲ್ಲ ಅದೇ. ಪಣಜಿಯ ಸುತ್ತ ಎದ್ದ ಎಷ್ಟು ಗೋಡೆಗಳಲ್ಲಿ ಅವರು ಮುಳುಗಿ ತಂದ ಉಸುಕಿದೆಯೋ. ನೀರಿನ ಒತ್ತಡಕ್ಕೆ ಅವರ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಮುಕ್ಕಾಲು ಹೋಯಿತು. ಉಸುಕು ತೆಗೆಯುವುದು ನಿಂತ ಮೇಲೆ ಕೆಲವು ವರ್ಷ ಕಟ್ಟಡವೊಂದರ ಕಾವಲು ಕಾದು, ಈಗ ಮನೆಯಲ್ಲಿರುತ್ತಾರೆ. ಕಿವಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಸ್ನಾನಕ್ಕೆ ಹೋಗುವಾಗ ಅತ್ತೆ ಅವರ ಕಿವಿಗೆ ಅರಳೆ ಇಡುತ್ತಾರೆ. ನೀರೊಳಗಿನ ದಿನಗಳ ಬಗ್ಗೆ ಮಾವ ಏನೂ ಹೇಳುತ್ತಿರಲಿಲ್ಲ. ಕಿವಿ ಕೇಳದವರ ಹತ್ತಿರ ನಾವೂ ಹೆಚ್ಚು ಮಾತಾಡುತ್ತಿರಲಿಲ್ಲ. ಕೂಗಿ ಹೇಳಬೇಕಾದ ಮಾತು ಊಟಕ್ಕೆ ಬರ್ರಿ, ಗುಳಿಗೆ ತಗೋರಿ ಎನ್ನುವಷ್ಟಕ್ಕೇ ಸಣ್ಣದಾಗುತ್ತ ಹೋಗುತ್ತದೆ.

ಮಗಳು ಮಾತ್ರ ಬಿಡಲಿಲ್ಲ. "ಮುತ್ಯಾ, ಅದು ಸಣ್ಣದಿರೂ ಜಾಗಾ ನೋಡೀಯೇನು?" ಎಂದು ಕೂಗಿದಳು.

ಮಾವ ಅವಳ ಮುಖ ನೋಡಿದರು. ಆಮೇಲೆ ಕೈ ತೊಳೆಯಲು ಎದ್ದರು.

ವ್ಯಾನು ಕೊಟ್ಟವನು ನಮ್ಮ ಓಣಿಯ ದಸ್ತಗೀರ. ಮುದ್ದೇಬಿಹಾಳದವನು. ವಾರವಿಡೀ ಆ ವ್ಯಾನಿನಲ್ಲಿ ಶಾಲೆಯ ಮಕ್ಕಳನ್ನು ಒಯ್ಯುತ್ತಾನೆ. ಡೀಸೆಲ್ ನೀವು ಹಾಕಿಸಿಕೊಳ್ಳಿ, ಬಾಡಿಗೆ ಮಾತಾಡಬೇಡಿ ಎಂದ. ನಾನು ಟೈರು ಒತ್ತಿ ನೋಡಿದೆ, ಬ್ರೇಕು ತುಳಿಸಿದೆ, ಸೀಟಿನ ಸಂದಿಯೊಳಗೆ ಹೂತುಹೋಗಿದ್ದ ಬೆಲ್ಟುಗಳನ್ನು ಎಳೆದು ತೆಗೆದೆ. ಅವುಗಳ ಜೊತೆ ಚಾಕಲೇಟಿನ ಕಾಗದ, ಪೆನ್ಸಿಲ್ಲಿನ ತುಂಡು, ಯಾವುದೋ ಮಗುವಿನ ಒಂದು ಕಾಲುಚೀಲ ಹೊರಬಂದವು. ಆಮೇಲೆ ನಾನು ಗಾಡಿಗೆ ತುಂಬಿದ್ದು ಹಗ್ಗ, ಬ್ಯಾಟರಿ, ಔಷಧದ ಡಬ್ಬಿ, ಬಂದರೂ ಬಂದಾರೆಂದು ಮಾವನವರ ಕಿವಿಗೆ ಅರಳೆ, ಕೊನೆಗೆ ಸೀಟಿ. ದಸ್ತಗೀರ ಬಾಗಿಲಿಗೆ ಒರಗಿ ನೋಡುತ್ತಿದ್ದವನು, "ವೈನೀ, ವಾಳಪೈಗೆ ಹೊಂಟೀರೋ, ಹಿಮಾಲಯಕ್ಕೋ?" ಎಂದ.

ಆಯಿತಾರ ಬೆಳಿಗ್ಗೆ ರೊಟ್ಟಿಯ ಗಂಟು ಹಿಡಿದು ನಾನು ಹೊರಗೆ ಬಂದರೆ ಮಾವ ಆಗಲೇ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಗಡ್ಡ ಬೋಳಿಸಿಕೊಂಡು, ಊರಿಗೆ ಹೋಗುವಾಗ ಉಡುವ ಬಿಳಿ ಧೋತರ ಉಟ್ಟಿದ್ದರು. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ನನ್ನ ಗಂಡ ನಿಧಾನವಾಗಿಯೇ ಓಡಿಸಿದರು. ಸ್ವಲ್ಪ ಜೋರಾದರೂ ನಾನು ಹಿಂದಿನಿಂದ ಕೆಮ್ಮುತ್ತಿದ್ದೆ. ಹಳೇ ಗೋವಾ ದಾಟಿ ಕುಂಡಯಿ ಬಂದಾಗ, "ಇಳಿತೀಯೇನು? ಓವರ್‌ಟೈಮ್ ಸಿಗತೈತಿ" ಎಂದು ಕಾಡಿದರು. ಫೋಂಡಾದಲ್ಲಿ ಪಾವ್‌ಭಾಜಿ ತಿಂದು ಚಹಾ ಕುಡಿದೆವು. ಖರ್ಚಿನ ಮಟ್ಟಿಗೆ ಆ ದಿನದ ದೊಡ್ಡ ಸಾಹಸ ಅದೇ. ವಾಂತಿ ಬರಲಿಲ್ಲ ಎನ್ನುವುದನ್ನು ನಾನು ಅಚ್ಚರಿಯಿಂದ ಗಮನಿಸಿದೆ. ಯಾರ ಮದುವೆಗೂ ಮುಟ್ಟಬೇಕಾಗಿಲ್ಲ, ಯಾರ ಹೆಣದ ಮುಂದೆಯೂ ಕೂರಬೇಕಾಗಿಲ್ಲ ಎಂದು ಹೊಟ್ಟೆಗೂ ತಿಳಿದಿತ್ತೇನೋ.

ಉಸಗಾಂವ ದಾಟಿದ ಮೇಲೆ ಹೊಳೆ ಮತ್ತೆ ಕಾಣಿಸಿತು. ಮರಗಳ ಸಂದಿಯಲ್ಲಿ, ಹಸಿರು ಬಣ್ಣದಲ್ಲಿ, ನಮ್ಮ ಕಡೆ ಕಾಣುವುದರ ಅರ್ಧದಷ್ಟೂ ಅಗಲವಿಲ್ಲದೆ. ಮಾವ ಕೈ ಎತ್ತಿ ಗಾಡಿ ನಿಲ್ಲಿಸಿದರು.

"ಶಿವ್ಯಾ, ಇದ್ಯಾವ ಹೊಳಿ?"

"ಇದ ಅಪ್ಪಾ. ಮಾಂಡವಿ" ಎಂದು ಇವರು ಅವರ ಕಿವಿಗೆ ಕೂಗಿದರು.

ಮಾವ ತಲೆ ಅಲ್ಲಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮುಂದೆ ಹೊಳೆ ಕಂಡಲ್ಲೆಲ್ಲ ಅವರ ಕೈ ಮೇಲೇಳುತ್ತಿತ್ತು, ಗಾಡಿ ನಿಲ್ಲುತ್ತಿತ್ತು, ಅದೇ ಪ್ರಶ್ನೆ ಬರುತ್ತಿತ್ತು. ಪ್ರತಿ ಸಲ ಹೊಳೆ ಮೊದಲಿಗಿಂತ ಸಣ್ಣದು, ಮೊದಲಿಗಿಂತ ತಿಳಿ. ವಾಳಪೈಯ ಪೇಟೆ ಹಿಂದೆ ಬಿದ್ದಿತು. ಗೇರುಮರಗಳು, ಆಮೇಲೆ ಕಾಡು, ಅದರಾಚೆ ಘಟ್ಟದ ಸಾಲು. ಬೆಳೆದ ಮಗನನ್ನೇ ಕಂಡವರು ಅವನ ಎಳೆತನ ನೋಡಲು ಹೊರಟಂತಿತ್ತು ನಮ್ಮ ಪಯಣ. ಅಷ್ಟು ಹೊತ್ತಿಗೆ ನಾನು ಕೆಮ್ಮುವುದನ್ನೂ ಮರೆತಿದ್ದೆ.

ಒಂದು ಸಣ್ಣ ಸೇತುವೆಯ ಪಕ್ಕ ಗಾಡಿ ನಿಲ್ಲಿಸಿ ಹೊಳೆಗೆ ಇಳಿದೆವು. ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ ನಕ್ಕಳು. ಮಗು ಆಡಬಹುದೇ ಎಂದು ನಾನು ಕೈಸನ್ನೆ ಮಾಡಿ ಕೇಳಿದೆ. "ಹಾಂಗಾ ಉದಕ ಕಮಿ ಆಸಾ" ಎಂದಳು, ಇಲ್ಲಿ ನೀರು ಕಡಿಮೆ ಎಂದು. ಆಮೇಲೆ ಆಚೆ ದೊಡ್ಡ ಬಂಡೆಯ ಬುಡ ತೋರಿಸಿ ಅಲ್ಲಿ ಮಾತ್ರ ಬೇಡ ಎಂದು ಕೈ ಆಡಿಸಿದಳು. ಅಲ್ಲಿ ನೀರು ಕಡುಹಸಿರಾಗಿ ನಿಂತಿತ್ತು. ಉಳಿದೆಡೆಯೆಲ್ಲ ಮೊಣಕಾಲುದ್ದ. ಒಂದೊಂದು ಕಲ್ಲೂ ಕಾಣುತ್ತಿತ್ತು. ಕಂದು, ಬಿಳಿ, ನೀಲಿ ಮಿಶ್ರಿತ ಕಪ್ಪು. ಕಲ್ಲುಗಳ ನಡುವೆ ಸಣ್ಣ ಮೀನುಗಳ ನೆರಳು. ನೀರು ಇದೆಯೆಂದು ತಿಳಿಯಲು ಅದರಲ್ಲಿ ಕೈ ಅದ್ದಿಯೇ ನೋಡಬೇಕು, ಅಷ್ಟು ತಿಳಿ.

ಮಾವ ಅಂಚಿನ ಕಲ್ಲೊಂದರ ಮೇಲೆ ಕೂತು ನೀರೊಳಗೆ ನೋಡುತ್ತಿದ್ದರು. ಮಗಳು ಕಾಲಿಗೆ ನೀರು ಎರಚಿದರೂ ಅವರಿಗೆ ಅದರ ಅರಿವಿರಲಿಲ್ಲ. ನಾನು ಚಾದರ ಹಾಸಿ ಗಂಟು ಬಿಚ್ಚಿದೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾಚಟ್ನಿ, ಮೊಸರು. "ಮಾವಾರನ್ನ ಕರೀರಿ" ಎಂದು ತಲೆ ಎತ್ತಿದರೆ ಕಲ್ಲಿನ ಮೇಲೆ ಅವರಿಲ್ಲ.

ಅವರು ಹೊಳೆಯ ನಡುವೆ ನಡೆಯುತ್ತಿದ್ದರು. ಧೋತರ ಮೇಲೆ ಕಟ್ಟಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಆ ಬಂಡೆಯ ಕಡೆಗೆ. ನಾವೆಲ್ಲ ಒಟ್ಟಿಗೆ ಕೂಗಿದೆವು. ಬಟ್ಟೆ ಒಗೆಯುವ ಹೆಂಗಸೂ ಕೂಗಿದಳು. ಅಷ್ಟೂ ಕೂಗಿನಲ್ಲಿ ಅವರಿಗೆ ಒಂದೂ ಕೇಳಿಸಲಿಲ್ಲ. ನಾನು ಕುತ್ತಿಗೆಯಲ್ಲಿ ತೂಗುತ್ತಿದ್ದ ಸೀಟಿ ಬಾಯಿಗಿಟ್ಟು ಇದ್ದಬದ್ದ ಉಸಿರೆಲ್ಲ ಹಾಕಿ ಊದಿದೆ. ಕಾಡಿನ ಹಕ್ಕಿಗಳೆಲ್ಲ ಎದ್ದವು. ಕಿವುಡರಿಗೆ ಸೀಟಿ ಊದುತ್ತಿದ್ದೇನೆ ಎಂಬ ಅರಿವು ನನಗೆ ಬರುವಷ್ಟರಲ್ಲಿ ಮಾವ ಬಂಡೆಯ ಬುಡ ಮುಟ್ಟಿದ್ದರು. ನೀರು ಎದೆಗೆ ಬಂತು, ಗಂಟಲಿಗೆ ಬಂತು. ಆಮೇಲೆ ಬಿಳಿಯ ತಲೆ ಮೆಲ್ಲಗೆ ಒಳಗೆ ಹೋಯಿತು.

ನನ್ನ ಗಂಡ ಪ್ಯಾಂಟಿನಲ್ಲೇ ನೀರಿಗಿಳಿದು ಓಡಿದರು. ಅವರಿಗೆ ಈಜು ಬರುವುದಿಲ್ಲ. ನಾನು ಹಗ್ಗ ಎಳೆದರೆ ಅದು ಔಷಧದ ಡಬ್ಬಿಗೆ ಸುತ್ತಿಕೊಂಡಿತ್ತು. ಮಗಳು ಅಳಲು ಶುರುಮಾಡಿದಳು. ಅತ್ತೆ ಮಾತ್ರ ಎದ್ದು ನಿಂತವರು ಕದಲಲಿಲ್ಲ.

"ತಡಿ ಗೀತಾ. ಬರ್ತಾರ ಅವ್ರು" ಎಂದರು.

"ಅತ್ತಿ, ಅವರಿಗೆ ವಯಸ್ಸಾಗೈತ್ರಿ."

"ಬರ್ತಾರ. ಉಸುರು ಕಟ್ಟಿ ಗೊತ್ತೈತಿ ಅವರಿಗೆ."

ಹಾಗೆ ಹೇಳುವಾಗ ಅತ್ತೆಯ ಕೈ ನನ್ನ ಮುಂಗೈಯನ್ನು ಹಿಡಿದಿತ್ತು. ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ. ಅವರ ತುಟಿ ಮುಚ್ಚಿತ್ತು, ಮೂಗು ಅಲುಗುತ್ತಿರಲಿಲ್ಲ. ಅವರೂ ಉಸಿರು ಕಟ್ಟಿಕೊಂಡಿದ್ದರು. ಮಾವ ಉಸುಕಿಗೆಂದು ಮುಳುಗಿದ ಅಷ್ಟೂ ವರ್ಷ ಈ ಹೆಂಗಸು ದಿನವೂ ಹೀಗೆ, ಮನೆಯಲ್ಲಿ ರೊಟ್ಟಿ ಬಡಿಯುತ್ತಲೋ ಬುಟ್ಟಿ ಹೊರುತ್ತಲೋ, ಕಾಣದ ನೀರಿನ ಎದುರು ನಿಂತಿದ್ದರು ಎನ್ನುವುದು ನನಗೆ ಆ ಹಿಡಿತದಲ್ಲಿ ತಿಳಿಯಿತು.

ಮಾವ ಮೇಲೆ ಬಂದರು. ಗಾಬರಿಯಿಲ್ಲ, ತೇಕುವುದಿಲ್ಲ. ಕೂದಲು ಹಣೆಗೆ ಅಂಟಿತ್ತು. ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದರು. ಅತ್ತೆಯ ಕೈ ಸಡಿಲವಾಯಿತು. "ಕಿವ್ಯಾಗ ಅರಳಿ ಇಟಗೊಂಡಿಲ್ಲ ನೋಡು" ಎಂದು ಗೊಣಗಿದವರು ಅಲ್ಲೇ ಕೂತುಬಿಟ್ಟರು.

ನನ್ನ ಗಂಡ ಅವರ ತೋಳು ಹಿಡಿದು ಮೊಣಕಾಲುದ್ದದ ನೀರಿಗೆ ಕರೆತಂದರು. "ಏನ್ ಮಾಡಾಕತ್ತೀರಿ ಅಪ್ಪಾ? ಹೋಗಿಬಿಟ್ಟಿದ್ರ?" ಎಂದು ಅವರ ಕಿವಿಯ ಹತ್ತಿರ ಕೂಗಿದರು.

ಮಾವ ಮಗನ ಮುಖ ನೋಡಿ ಹೇಳಿದರು, "ಶಿವ್ಯಾ, ನನ್ನ ಕೈ ಕಂಡ್ವು."

ನಮಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು. ಅಷ್ಟು ಉದ್ದ ಮಾತನ್ನು ಅವರ ಬಾಯಿಂದ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಅಲ್ಲಿ ಕೆಳಗ ಕರ್ರಗ ಕತ್ತಲಿ. ರಾಡಿ. ಕಣ್ ತೆರದ್ರ ಕಣ್ಣಾಗ ಉಸುಕು. ಹಂಗಾಗಿ ಮುಚಗೊಂಡ ಇಳಿತಿದ್ದಿವಿ, ಮುಚಗೊಂಡ ಏರತಿದ್ದಿವಿ. ಕಾಲಿಗೆ ಮೆತ್ತಗ ಹತ್ತಿದ್ರ ಉಸುಕು, ಕೊರದ್ರ ಚಿಪ್ಪು. ಬಾಜೂದವನ ಕಾಲು ತಾಗಿದ್ರ ಅಂವ ಅದಾನ ಅಂತ ತಿಳಕೋಬೇಕು. ತಳಾ ಅನ್ನೂದು ಹೆಂಗಿರತೈತಿ ಅಂತ ಒಂದಿನಾ ನೋಡಿಲ್ಲ. ಇವತ್ತ ಕಣ್ ತೆರದೆ. ನನ್ನ ಕೈ ಕಂಡ್ವು, ಐದೂ ಬಳ್ಳು ಕಂಡ್ವು. ಬಿಸಲು ಅಲ್ಲಿತನಾ ಇಳದೈತಿ. ಒಂದು ಮೀನ ಬಂದು ನನ್ನ ಕೈ ನೋಡಿ ಹೋತು."

ಆಮೇಲೆ, ಏನೋ ನೆನಪಾದವರಂತೆ ಮೊಮ್ಮಗಳ ಕಡೆ ಕೈ ಚಾಚಿ, "ಬಾ ಇಲ್ಲೆ, ತೋರಸ್ತೇನಿ" ಎಂದು ಕರೆದರು.

ಆ ವಾರ ಅವರ ಕಿವಿ ಸೋರಿ ಬಹಳ ನೋಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಡಾಕ್ಟರು ಬಹಳ ಬೈದರು. ಮಾವನವರಿಗೆ ಅದೂ ಕೇಳಿಸಲಿಲ್ಲ, ನಗುತ್ತ ಕೂತಿದ್ದರು. ಬೈಗುಳವೆಲ್ಲ ನನಗೆ ಬಿತ್ತು. ಸೇಫ್ಟಿ ಕಮಿಟಿಯ ವಿಷಯ ನಾನು ಅಲ್ಲಿ ಎತ್ತಲಿಲ್ಲ.

ಆದರೆ ಹೊಳೆಯ ದಂಡೆಯಲ್ಲಿ ಆ ಮಧ್ಯಾಹ್ನ ರೊಟ್ಟಿಯ ನೆನಪು ಯಾರಿಗೂ ಇರಲಿಲ್ಲ. ಅರಳೆ ಇಡಲು ಅತ್ತೆಯೇ ನೀರಿಗಿಳಿದರು, ಇಟ್ಟ ಮೇಲೆ ಅಲ್ಲೇ ಸೀರೆ ಎತ್ತಿ ಕಟ್ಟಿ ನಿಂತರು. ಮೊಣಕಾಲುದ್ದದ ನೀರಿನಲ್ಲಿ ಮಗಳು ಮುಖ ಮುಳುಗಿಸಿ ಎದ್ದು, "ಅವ್ವಾ, ನೀನೂ ನೋಡು" ಎಂದಳು. ನಾನು ಸ್ನಾನದ ಮನೆಯಲ್ಲೂ ತಲೆಗೆ ನೀರು ಹಾಕಿಕೊಳ್ಳುವಾಗ ಮೂಗು ಹಿಡಿಯುವವಳು. ಒಲ್ಲೆ ಎಂದೆ. ನನ್ನ ಗಂಡ ಮುಖ ಮುಳುಗಿಸಿ ನೋಡಿ ಎದ್ದರು, ಮತ್ತೆ ಮುಳುಗಿಸಿದರು. ಕೊನೆಗೆ ನಾನೂ ಕಲ್ಲು ಹಿಡಿದು ಮಂಡಿಯೂರಿ, ಉಸಿರು ಕಟ್ಟಿ, ಮುಖ ನೀರಿಗಿಟ್ಟು ಕಣ್ಣು ತೆರೆದೆ.

ಕಣ್ಣಿಗೆ ತಣ್ಣಗಾಯಿತು, ಉರಿಯಲಿಲ್ಲ. ಮೇಲಿನ ಸದ್ದೆಲ್ಲ ನಿಂತುಹೋಯಿತು. ತಳದ ಕಲ್ಲುಗಳ ಮೇಲೆ ಬಿಸಿಲು ಬಲೆಯ ಹಾಗೆ ಅಲುಗುತ್ತಿತ್ತು. ಮಗಳ ಕಾಲ್ಬೆರಳುಗಳು, ಅತ್ತೆಯ ಕಾಲುಂಗುರ, ಅವುಗಳಾಚೆ ಮಾವನವರ ಕೈ. ಅವರು ತಳದಿಂದ ಒಂದು ಹಿಡಿ ಉಸುಕು ತೆಗೆದುಕೊಂಡು ಬೆರಳು ಸಡಿಲಿಸಿದರು. ಅದು ಹೊನ್ನಿನ ಬಣ್ಣದಲ್ಲಿ, ಒಂದೊಂದು ಕಾಳೂ ಬೇರೆ ಬೇರೆಯಾಗಿ, ಅವರ ಅಂಗೈಯಿಂದ ಮೆಲ್ಲಗೆ ಕೆಳಗಿಳಿಯಿತು. ಎಲ್ಲ ಇಳಿದ ಮೇಲೆ ಆ ಕೈ ಮತ್ತೊಂದು ಹಿಡಿ ತೆಗೆಯಿತು.